ವಾರಂಟಿ ಮೋಟಾರಿಗೆ, ಕೆಟ್ಟದ್ದು ಬೋರ್ಡು

ಮಾನ್ಯ ಸಂಪಾದಕರೇ,

ಹೆಸರಾಂತ ಕಂಪನಿಯೊಂದರ ವಾಷಿಂಗ್ ಮಷಿನ್ ನಮ್ಮ ಮನೆಯಲ್ಲಿ ಹದಿನಾಲ್ಕನೇ ತಿಂಗಳಿಗೆ, ಅದೂ ಬಟ್ಟೆ ಒಣಗದ ಜುಲೈ ಮಳೆಯಲ್ಲಿ, ಕೆಟ್ಟು ನಿಂತಿತು. 'ಮೋಟಾರಿಗೆ 10 ವರ್ಷ ವಾರಂಟಿ' ಎಂಬ ಕೆಂಪು ಸ್ಟಿಕ್ಕರ್ ಮುಚ್ಚಳದ ಮೇಲೆ ಇನ್ನೂ ಹೊಳೆಯುತ್ತಿದೆ. ಬಂದ ಮೆಕ್ಯಾನಿಕ್ ಮೋಟಾರು ಸರಿಯಾಗಿದೆ, ಸುಟ್ಟಿರುವುದು ಸರ್ಕ್ಯೂಟ್ ಬೋರ್ಡು, ಅದಕ್ಕಿದ್ದ ವಾರಂಟಿ ಒಂದೇ ವರ್ಷ ಎಂದು ಹೇಳಿ, 7,800 ರೂಪಾಯಿಯ ಅಂದಾಜು ಪಟ್ಟಿಯನ್ನು ಕೈಗಿಟ್ಟು ಹೋದರು. ಸಾಮಾನ್ಯವಾಗಿ ಕೆಡದ ಭಾಗಕ್ಕೆ ದೊಡ್ಡಕ್ಷರದ ಭರವಸೆ, ಕೆಡುವ ಭಾಗಕ್ಕೆ ಕಿರುಪುಸ್ತಕದ ಕೊನೆಯ ಪುಟದ ಸಣ್ಣಕ್ಷರ. ಇದು ಜಾಣತನವೇ ಹೊರತು ಪ್ರಾಮಾಣಿಕತೆಯಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷಯುಕ್ತ ವಸ್ತು, ಸೇವಾ ಲೋಪ ಮತ್ತು ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ದೂರು ನೀಡಬಹುದು ಎಂಬುದನ್ನೂ, ಕಂಪನಿಯ ಮುಖ್ಯ ಕಚೇರಿ ಯಾವ ಊರಿನಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು ಎಂಬುದನ್ನೂ ನಮ್ಮಲ್ಲಿ ಬಹಳ ಮಂದಿ ಅರಿತಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ದಾವೆ ಹೂಡುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಬಹುದು, ನಾನು ಪಡೆದಿದ್ದೇನೆ. ಬಿಲ್ಲು ಮತ್ತು ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಯನ್ನು ಮಾತ್ರ ದಯವಿಟ್ಟು ಯಾರೂ ರದ್ದಿಗೆ ಹಾಕಬಾರದು.

– ಓರ್ವ ಗ್ರಾಹಕ, ಡೊಂಬಿವಲಿ