ಗುಂಪಿನಲ್ಲಿ ರೂಲೆಟ್ ಲಿಂಕ್ ಬೇಡ್ರಿ

ಅಣ್ಣಾರೆ, ಅಕ್ಕಾರೆ, ನಮಸ್ಕಾರ. ನಿನ್ನೆ ರಾತ್ರಿ ಯಾರೋ ಇಲ್ಲಿ ಮೊಬೈಲ್ ರೂಲೆಟ್ ಲಿಂಕ್ ಹಾಕಿದ್ದರು. ಅಳಿಸಿದ್ದೇನೆ. ರೂಲೆಟ್ ಅಂದ್ರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ, ಯಾವ ಬಣ್ಣದ ಮನೆಗೆ ಬೀಳುತ್ತೆ ಅಂತ ದುಡ್ಡು ಹಚ್ಚುವ ಜೂಜು. ನಮ್ಮದು ಗೋಳಗುಮ್ಮಟದ ಬೆಳಗಿನ ವಾಕಿಂಗ್ ಗುಂಪು, ಅಲ್ವಾ?

ನಾನೇನು ಸಾಚಾ ಅಲ್ಲ. ಹಿಂದೊಮ್ಮೆ ಸುಮ್ನೆ ನೋಡೋಣ ಅಂತ ಆಡಿದ್ದೆ. ಮೊದಲ ದಿನ 400 ರೂಪಾಯಿ ಬಂತು. ಎರಡು ವಾರದಲ್ಲಿ 6,000 ಹೋಯಿತು. ಉಳಿದದ್ದನ್ನು ವಾಪಸ್ ತೆಗೆಯೋಣ ಅಂತ ಒತ್ತಿದರೆ ಪರದೆ ಮೇಲೆ ಬರೀ ಲೋಡಿಂಗ್ ಚಕ್ರ ತಿರುಗುತ್ತಿತ್ತು. ಕೈಯಲ್ಲಿದ್ದ ಚಹಾ ಆರಿ ಹೋಯಿತು, ದುಡ್ಡು ಬರಲಿಲ್ಲ.

ಲೆಕ್ಕ ನೋಡಿ. ಯುರೋಪಿನ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ 37 ಮನೆ. ಎಲ್ಲಕ್ಕೂ ಒಂದೊಂದು ರೂಪಾಯಿ ಹಚ್ಚಿದರೆ 37 ಖರ್ಚು, ಕೈಗೆ ಬರುವುದು 36. ಅಮೆರಿಕದ ಚಕ್ರದಲ್ಲಿ ಇನ್ನೊಂದು ಸೊನ್ನೆ ಜಾಸ್ತಿ. 'ಐದು ಸಲ ಕೆಂಪು ಬಂತು, ಈಗ ಕಪ್ಪೇ' ಅನ್ನುವುದೂ ಸುಳ್ಳು. ಚಕ್ರಕ್ಕೆ ಹಿಂದಿನದು ನೆನಪಿರುವುದಿಲ್ಲ.

ಮೇಲಾಗಿ 2025ರ ಕೇಂದ್ರ ಕಾನೂನು ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಮ್ಮೆ ಲಿಂಕ್ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ, ಬೇಜಾರಾಗಬೇಡ್ರಿ. ನಾಳೆ ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಸಿಗೋಣ. ಚಹಾ ನನ್ನದು.