ಕ್ಯೂನಲ್ಲಿ ನಿಂತ ಮಗಳಿಗೆ

ಪುಟ್ಟೀ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಮೊದಲೇ ಎದೆ ಧಸಕ್ಕೆನ್ನುತ್ತೆ. ಎತ್ತಿದರೆ "ಅಮ್ಮ, ಕ್ಯೂನಲ್ಲಿದ್ದೀನಿ" ಅಂದೆ. ಲಂಡನ್ನಿನಲ್ಲೂ ರೇಷನ್ನಿಗೆ ಸಾಲು ನಿಲ್ಲಬೇಕಾ ಅಂದುಕೊಂಡೆ. ಕ್ಯೂ ಅನ್ನೋದು ಒಂದು ತೋಟದ ಹೆಸರು ಅಂತ ನನಗೇನು ಗೊತ್ತು! ಅಲ್ಲಿ ಹೆಣದ ಹಾಗೆ ನಾರುವ ಹೂವೊಂದು ಅರಳಿದೆ, ಅದನ್ನು ನೋಡೋಕೆ ಬಂದಿದ್ದೀನಿ ಅಂತ ನೀನು ಅಂದೆ. ನಮ್ಮ ಲಾಲ್‌ಬಾಗ್ ನೋಡಿಕೊಂಡಿದ್ದ ಕ್ರುಂಬಿಗಲ್ ಕೂಡ ಅಲ್ಲಿ ಕೆಲಸ ಮಾಡಿದವರೇ ಅಂತ ಏನೋ ಹೇಳುತ್ತಿದ್ದೆ. ನಾನು ಮಧ್ಯಕ್ಕೇ ಬಾಯಿ ಹಾಕಿದೆ. ಅಡಿಕೆ ಮಾರಿದ ದುಡ್ಡು ಕಟ್ಟಿ ಕಳಿಸಿದ್ದು ಕೊಳೆತ ನಾತ ಮೂಸೋಕಾ ಅಂದೆ. ಅನ್ನಬಾರದಿತ್ತು.

"ಇದು ನಮ್ಮ ಸುವರ್ಣಗಡ್ಡೆ ಜಾತಿಯದೇ ಅಮ್ಮ. ಅದೇ ವಾಸನೆ" ಅಂದವಳೇ ಫೋನ್ ಇಟ್ಟೆ.

ನಿನಗೆ ಅದು ನೆನಪಿದೆ ಅಂತ ನಾನು ಅಂದುಕೊಂಡಿರಲಿಲ್ಲ. ಆಗ ನಿನಗೆ ಏಳು ವರ್ಷ. ಮೊದಲ ಮಳೆ ಬಿದ್ದ ವಾರ. ಸಂಜೆ ಹೊತ್ತಿಗೆ ಮನೆಯೆಲ್ಲ ನಾತ. ಇಲಿ ಸತ್ತಿದೆ ಅಂತ ಅಟ್ಟ ಹತ್ತಿ ಗೋಣಿಚೀಲ ಕೊಡವಿದೆ, ಸೌದೆ ರಾಶಿ ಕೆಡವಿದೆ. ಮಾರನೆಯ ದಿನ ನೆಂಟರು ಬರುವವರಿದ್ದರು. ನೀನು ಸೆರಗು ಎಳೆದು "ಅಮ್ಮ, ಅದು ಹೂವು" ಅಂದೆ. ಹೂವು ಹಾಗೆ ನಾರುತ್ತಾ ಅಂತ ಗದರಿದೆ. ನೀನು ಮತ್ತೆ ಅದನ್ನೇ ಹೇಳಿದೆ. ಹಿಂದಿನ ವಾರ ಸತ್ತ ಗುಬ್ಬಿಮರಿಯನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆಯಲ್ಲ, ಅಂಥದ್ದೇ ಇನ್ನೇನೋ ಬಚ್ಚಿಟ್ಟು ಸುಳ್ಳು ಹೇಳ್ತಿದ್ದೀಯ ಅನ್ನಿಸಿತು. ಕಡ್ಡಿ ಪೊರಕೆಯಲ್ಲಿ ಎರಡು ಬಾರಿಸಿದೆ. ಎರಡಲ್ಲ, ಮೂರು.

ಬೆಳಿಗ್ಗೆ ಅಪ್ಪಯ್ಯ ಕರೆದರು. ಬಚ್ಚಲುಮನೆಯ ಹಿಂದೆ, ಎಲೆಯೂ ಇಲ್ಲದೆ, ನೆಲದಿಂದಲೇ ಎದ್ದು ನಿಂತಿತ್ತು. ಕಂದೋ ನೇರಳೆಯೋ ಹೇಳಲಾಗದ ಬಣ್ಣ, ನಡುವೆ ಸುಕ್ಕು ಸುಕ್ಕಾದ ದೊಡ್ಡ ಗುಬುಟು, ತುಂಬ ನೊಣ. ಅದರ ಪಕ್ಕದಲ್ಲೇ ನಿನ್ನ ಪುಟ್ಟ ಮಣೆ. ಹಿಂದಿನ ದಿನವೆಲ್ಲ ನೀನು ಅಲ್ಲಿ ಕೂತು ನೋಡುತ್ತಿದ್ದೆ ಅಂತ ಆಗ ತಿಳಿಯಿತು. ತಪ್ಪಾಯ್ತು ಮಗಾ ಅಂತ ಒಂದು ಮಾತು ಅನ್ನಬಹುದಿತ್ತು. ನಾನು ಕತ್ತಿ ತಂದು ಅದನ್ನು ಕಡಿದು ಗೊಬ್ಬರದ ಗುಂಡಿಗೆ ಎಸೆದೆ. ಮಣೆ ತೊಳೆದು ಒಳಗಿಟ್ಟೆ.

ಎರಡು ದಿನದಿಂದ ಆ ಮಣೆಯದೇ ಯೋಚನೆ. ಕಂಡದ್ದನ್ನೆಲ್ಲ ಓಡಿಬಂದು ಹೇಳುತ್ತಿದ್ದವಳು ಯಾವಾಗ ನಿಲ್ಲಿಸಿದೆ? ಆವತ್ತಿನಿಂದಲೇನಾ? ಬಾಟನಿ ಬೇಡ ಅಂದದ್ದು ಈಗ ಬೇಡ, ಇಬ್ಬರಿಗೂ ಗೊತ್ತು.

ನಿನ್ನೆ ಮೊಬೈಲಿನಲ್ಲಿ ನಿನ್ನ ಹೂವಿನ ಬಗ್ಗೆ ಹುಡುಕಿ ಓದಿದೆ. ಟೈಟನ್ ಆರಮ್ ಅಂತೆ, ಸುಮಾತ್ರಾ ಕಾಡಿನದಂತೆ. 1878ರಲ್ಲಿ ಬೆಕ್ಕಾರಿ ಅನ್ನೋ ಇಟಲಿಯವನು ಕಂಡನಂತೆ. ಕ್ಯೂನಲ್ಲಿ ಮೊದಲ ಸಲ ಅರಳಿದ್ದು 1889ರಲ್ಲಿ. ಲಾಲ್‌ಬಾಗಿನ ಗಾಜಿನಮನೆಗೆ ಕಲ್ಲು ಹಾಕಿದ್ದೂ ಅದೇ ವರ್ಷ, ನೋಡಿದ್ಯಾ! ವರ್ಷಗಟ್ಟಲೆ ಕಾಯಿಸಿ ಎರಡು ಮೂರು ದಿನ ಅರಳುತ್ತಂತೆ. ನಮ್ಮ ಮೈಯಷ್ಟು ಬಿಸಿಯಾಗಿ ನಾತವನ್ನು ದೂರಕ್ಕೆ ಹಬ್ಬಿಸುತ್ತಂತೆ, ಹೆಣ ಹುಡುಕುವ ಹುಳಗಳು ಮೋಸಹೋಗಿ ಬರಲಿ ಅಂತ. ಗಡ್ಡೆ 70 ಕೆ.ಜಿ. ದಾಟುತ್ತಂತೆ! ಅದರ ತುರಿಕೆ ಹೋಗೋಕೆ ಎಷ್ಟು ಹುಣಸೆಹುಳಿ ಬೇಕೋ. ಅಪ್ಪಯ್ಯನಿಗೆ ಓದಿ ಹೇಳಿದೆ. ಆಮೇಲೆ ಪಕ್ಕದ ಮನೆಯವರಿಗೂ ಹೇಳಿದೆ, ನಮ್ಮ ಹುಡುಗಿ ಅದನ್ನು ನೋಡಿ ಬಂದಳು ಅಂತ.

ಆದರೂ ಒಂದು ಮಾತು. ಅಷ್ಟು ದೂರ ಒಬ್ಬಳೇ ಹೋಗಬೇಡ. ಕತ್ತಲಾಗುವ ಮುಂಚೆ ರೂಮು ಸೇರು. ಸೆಕೆಯ ಗಾಜಿನಮನೆಯಿಂದ ಹೊರಗೆ ಬಂದು ಗಾಳಿಗೆ ನಿಂತರೆ ನೆಗಡಿ ಗ್ಯಾರಂಟಿ, ಸ್ವೆಟರ್ ಹಾಕು. ಬ್ರೆಡ್ಡೇ ತಿಂದು ದಿನ ಕಳೀಬೇಡ. ಬ್ಯಾಂಕಿನ ಸಾಲ ಇರೋದು ನೆನಪಿರಲಿ, ಪರೀಕ್ಷೆ ಹತ್ತಿರ ಬಂದಾಗ... ನೋಡು, ಮತ್ತೆ ಶುರು ಮಾಡಿದೆ.

ಹಿತ್ತಲಲ್ಲಿ ಮೂರು ಸುವರ್ಣಗಡ್ಡೆ ಅಗೆಯದೆ ಬಿಟ್ಟಿದ್ದೆ, ಸುಮ್ನೆ. ಮೊನ್ನೆಯ ಮಳೆಗೆ ಒಂದು ಮೂತಿ ಹೊರಗೆ ಹಾಕಿದೆ. ಅಪ್ಪಯ್ಯ ಕತ್ತಿ ಹಿಡಿದು ಬಂದಿದ್ದರು, ಬೇಡ ಅಂದೆ. ಎಲೆಯೋ ಹೂವೋ ನನಗೆ ತಿಳೀತಿಲ್ಲ. ಫೋಟೋ ಕಳಿಸಿದ್ದೇನೆ, ನೋಡಿ ಹೇಳು.

ನಿನ್ನ
ಅಮ್ಮ