ಸೊನ್ನೆಯನ್ನು ಸೊನ್ನೆಯಾಗಿಯೇ ಇಟ್ಟವರಿಗೆ

ಅಮ್ಮನ ಜಠರದ ಕ್ಯಾನ್ಸರಿಗೆ ನಡೆಯುತ್ತಿದ್ದ ಕಿಮೋಥೆರಪಿ ಕಳೆದ ವಾರ ಮುಗಿಯಿತು. ಆಸ್ಪತ್ರೆಯಲ್ಲಿ ರಾತ್ರಿ ಕಾದವರಿಗೆ, ಫೋನ್ ಮಾಡಿ ವಿಚಾರಿಸಿದವರಿಗೆ, ವಿಚಾರಿಸದೆ ಸುಮ್ಮನೆ ಜೊತೆಗೆ ಕುಳಿತವರಿಗೆ (ಇವರ ಋಣ ಒಂದು ಗುಂಜಿ ಹೆಚ್ಚು) ನಮಸ್ಕಾರ. ಒಂದು ರಕ್ತಪರೀಕ್ಷೆಯ ವಿಷಯದಲ್ಲಿ ಮಾತ್ರ ಬೇರೆಯಾಗಿಯೇ ಕೃತಜ್ಞತೆ ಹೇಳಬೇಕಿದೆ.

ಗೆಡ್ಡೆಯಿಂದ ಕಳಚಿ ರಕ್ತಕ್ಕೆ ಸೇರಿದ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಅಧ್ಯಯನವೊಂದಕ್ಕೆ ಅಮ್ಮ ಒಪ್ಪಿದ್ದರು. ರಕ್ತ ತೆಗೆದ ಸಿಸ್ಟರ್ ಮೊದಲ ಕೊಳವೆಯನ್ನು ಪಕ್ಕಕ್ಕಿಟ್ಟರು. ಸೂಜಿಯ ಜೊತೆ ಚರ್ಮದ ಕೋಶ ಬಂದಿದ್ದರೆ ಲೆಕ್ಕ ತಪ್ಪುತ್ತದಂತೆ. ಎರಡನೆಯದನ್ನು ಕುಲುಕದೆ, ನಿಧಾನವಾಗಿ ತಲೆಕೆಳಗು ಮಾಡುತ್ತಾ ಬೆರೆಸಿದರು. 7.5 ಮಿಲಿಲೀಟರ್ ರಕ್ತದಲ್ಲಿ ಕೆಂಪು ಕಣಗಳೇ ಸಾವಿರಾರು ಕೋಟಿ. ಅವುಗಳ ನಡುವೆ ಬೆರಳೆಣಿಕೆಯಷ್ಟು ಕೋಶಗಳನ್ನು ಕಾಂತಕಣ ಅಂಟಿಸಿದ ಪ್ರತಿಕಾಯಗಳಿಂದ (ಕೋಶದ ಮೇಲ್ಮೈಯ ಪ್ರೋಟೀನನ್ನು ಹಿಡಿದುಕೊಳ್ಳುವ ಅಣುಗಳಿವು) ಸೆಳೆದು ತೆಗೆಯಬೇಕು. ಆ ಕೈಗಳ ತಾಳ್ಮೆಗೆ ನಮೋ ನಮಃ.

ಫಲಿತಾಂಶ ಸೊನ್ನೆ ಎಂದು ಬಂತು. ತಮ್ಮ ಆಗಲೇ ಬಂಧುಗಳಿಗೆಲ್ಲ ಫೋನ್ ಮಾಡಲು ಎದ್ದಿದ್ದ. ವೈದ್ಯರು ಅವನನ್ನು ಕೂರಿಸಿದರು. "ಈ ಕೊಳವೆಯಲ್ಲಿ ಸಿಗಲಿಲ್ಲ, ಅಷ್ಟೇ. ಹರಡದ ಹಂತದಲ್ಲಿ ಅನೇಕರಿಗೆ ಸೊನ್ನೆಯೇ ಬರುತ್ತದೆ" ಎಂದರು. ಕೆಲವು ಕೋಶಗಳು ಆ ಪ್ರತಿಕಾಯಗಳು ಹಿಡಿಯುವ ಎಪ್‌ಕ್ಯಾಮ್ ಎಂಬ ಮೇಲ್ಮೈ ಪ್ರೋಟೀನನ್ನೇ ಕಳೆದುಕೊಂಡು ಕಾಂತದ ಕೈಗೆ ಸಿಗದೆ ಜಾರುತ್ತವೆ. ಹೊಟ್ಟೆಯೊಳಗಿನ ಪೊರೆಯ ಮೇಲೆ ಹರಡಿದ್ದರೆ ರಕ್ತ ಅದನ್ನು ಹೇಳಲೇಬೇಕೆಂದೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಪರೀಕ್ಷೆಗೆ 2004ರಲ್ಲಿ ಒಪ್ಪಿಗೆ ಕೊಟ್ಟದ್ದು ಹರಡಿದ ಸ್ತನ ಕ್ಯಾನ್ಸರಿಗೆ. ಆಮೇಲೆ ದೊಡ್ಡ ಕರುಳು, ಪ್ರಾಸ್ಟೇಟ್ ಸೇರಿದವು, ಜಠರ ಸೇರಲಿಲ್ಲ. ಹಾಗಾಗಿ ಸ್ಕ್ಯಾನ್ ತಪ್ಪಿಸುವಂತಿಲ್ಲ, ಕಿಮೋ ಕಡಿಮೆ ಮಾಡುವಂತಿಲ್ಲ.

ಆ ಕ್ಷಣಕ್ಕೆ ನನಗೆ ಸಿಟ್ಟೇ ಬಂದಿತ್ತು. ಸಂತೋಷಪಡಲೂ ಬಿಡುವುದಿಲ್ಲವೇ ಎಂದು. ಆದರೆ ಒಂದು ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರನ್ನೂ ಹಿಡಿಯುತ್ತೇವೆ ಎನ್ನುವ ಜಾಹೀರಾತುಗಳು ನಮ್ಮ ಮೊಬೈಲಿಗೂ ಬರುತ್ತಿದ್ದ ದಿನಗಳವು. ಸೊನ್ನೆಗೆ ಬಣ್ಣ ಬಳಿಯದೆ ಕೈಗೆ ಕೊಟ್ಟ ಆ ವೈದ್ಯರಿಂದಾಗಿಯೇ ಅಮ್ಮ ಉಳಿದ ಕಿಮೋವನ್ನು ಗೊಣಗುತ್ತಲೇ ಆದರೂ ಪೂರೈಸಿದರು.

ಜಠರವನ್ನು ಪೂರ್ತಿ ತೆಗೆದಿರುವುದರಿಂದ ಬಿ12 ಇಂಜೆಕ್ಷನ್ ಇನ್ನು ಜೀವನವಿಡೀ. ತಪಾಸಣೆಗಳೂ ಮುಂದುವರಿಯುತ್ತವೆ. ತಮಗೇನೂ ಲಾಭವಿಲ್ಲವೆಂದು ತಿಳಿದೂ ಇದೇ ಅಧ್ಯಯನಕ್ಕೆ ತೋಳು ಚಾಚಿದ, ನಾವು ಹೆಸರೂ ಅರಿಯದ ಇತರ ರೋಗಿಗಳಿಗೆ ಅಮ್ಮನ ಪರವಾಗಿ ವಂದನೆಗಳು. ಮುಂದಿನ ಭೇಟಿಯಲ್ಲಿಯೂ ರಕ್ತ ಕೊಡುವುದಾಗಿ ಅಮ್ಮ ಸಹಿ ಹಾಕಿದ್ದಾರೆ.